ಅಳಿದರೆಂದು ಬರೆಯಲಾದ ಜನ

(ಡಬ್ಲಿನ್‌ನಲ್ಲಿ ಸೇರಿದ್ದ ಕನ್ನಡ ಬಂಧುಗಳ ಸಭೆಯಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಚರಿತ್ರೆಯ ಪುಸ್ತಕಗಳಲ್ಲಿ ‘ಆ ಜನಾಂಗವು ಕಣ್ಮರೆಯಾಯಿತು’ ಎಂಬ ಮಾತನ್ನು ನಾವು ಮೇಲಿಂದ ಮೇಲೆ ಓದುತ್ತೇವೆ. ಕಣ್ಮರೆಯಾಗುವುದೆಂದರೆ ಏನು? ಅಳಿಯುವುದು ಮನುಷ್ಯರೋ, ಅವರ ಮಾತೋ, ಅಥವಾ ಅವರನ್ನು ಗುರುತಿಸುವ ನೋಟವೋ? ಎರಡು ನಿದರ್ಶನಗಳ ಮೂಲಕ ಇದನ್ನು ಪರಿಶೀಲಿಸೋಣ. ಒಂದು ಮಧ್ಯ ಏಷ್ಯದ್ದು. ಇನ್ನೊಂದು ನಾವೀಗ ಕುಳಿತಿರುವ ಈ ಕಣಿವೆಯದು.

ಇಂದಿನ ಚೀನದ ವಾಯವ್ಯದಲ್ಲಿ, ತಾರಿಮ್ ಜಲಾನಯನ ಪ್ರದೇಶದ ಉತ್ತರದ ಅಂಚಿನಲ್ಲಿ, ಕುಚ, ತುರ್ಫಾನ್ ಮೊದಲಾದ ನಗರಗಳಿವೆ. 20ನೆಯ ಶತಮಾನದ ಆರಂಭದಲ್ಲಿ ಅಲ್ಲಿನ ಮರಳಿನಡಿ ಹಸ್ತಪ್ರತಿಗಳು ದೊರೆತವು. ಲಿಪಿ ಬ್ರಾಹ್ಮಿಯ ಒಂದು ಕವಲು, ಅಂದರೆ ನಮ್ಮ ಕನ್ನಡ ಲಿಪಿಯ ದಾಯಾದಿ. ವಿಷಯ ಬಹುಮಟ್ಟಿಗೆ ಬೌದ್ಧಧರ್ಮ. ಭಾಷೆ ಮಾತ್ರ ಯಾರೂ ಅರಿಯದ್ದು. 1908ರಲ್ಲಿ ಸೀಗ್ ಮತ್ತು ಸೀಗ್ಲಿಂಗ್ ಎಂಬ ಜರ್ಮನ್ ವಿದ್ವಾಂಸರು ಅದು ಇಂಡೋ-ಯೂರೋಪಿಯನ್ ಕುಟುಂಬದ್ದೆಂದು ತೋರಿಸಿದರು. ತಂದೆ ‘ಪಾಚೆರ್’, ತಾಯಿ ‘ಮಾಚೆರ್’. ಆದರೆ ನೂರು ಎಂಬುದಕ್ಕೆ ಅಲ್ಲಿರುವ ‘ಕಂತೆ’ ಎಂಬ ಪದವು ಸಂಸ್ಕೃತದ ‘ಶತ’ಕ್ಕಿಂತ ಲ್ಯಾಟಿನ್ನಿನ ‘ಕೆಂತುಮ್’ಗೆ ಸಮೀಪ! ಇದನ್ನೇ ನಾವು ತೊಖಾರಿಯನ್ ಎನ್ನುತ್ತೇವೆ.

ಇವರು ಎಲ್ಲಿಂದ ಬಂದರು? ಅದೇ ಪ್ರದೇಶದಲ್ಲಿ ದೊರೆತ, ಸುಮಾರು 4,000 ವರ್ಷ ಹಳೆಯ ಒಣಗಿದ ಶವಗಳು ಇವರ ಪೂರ್ವಜರವೆಂದು ಹಲವರು ಊಹಿಸಿದ್ದರು. ಆದರೆ 2021ರ ವಂಶವಾಹಿ ಅಧ್ಯಯನವು ಅವುಗಳಲ್ಲಿ ಅತ್ಯಂತ ಹಳೆಯವು ಪಶ್ಚಿಮದ ವಲಸಿಗರವಲ್ಲ, ಬಹು ಪ್ರಾಚೀನ ಸ್ಥಳೀಯ ಜನರವು ಎಂದು ತೋರಿಸಿತು. ಮೂಳೆಯು ತಾನು ಆಡಿದ ಭಾಷೆಯನ್ನು ಹೇಳಲಾರದು.

ಇವರ ಅಂತ್ಯದ ಕಥೆಯಲ್ಲಿ ಮಹಾಪ್ರಳಯವೇನೂ ಇಲ್ಲ. 840ರಲ್ಲಿ ಮಂಗೋಲಿಯದಲ್ಲಿ ರಾಜ್ಯ ಕಳೆದುಕೊಂಡ ಉಯ್ಘುರ್ ತುರ್ಕರು ಈ ನಗರಗಳಿಗೆ ಬಂದು ನೆಲೆಸಿದರು. ಜನ ಬೆರೆತರು, ಮಕ್ಕಳು ತುರ್ಕಿ ನುಡಿಯನ್ನು ಕಲಿತರು. ಮೈತ್ರೇಯನನ್ನು ಕುರಿತ ನಾಟಕವೊಂದು ಉಯ್ಘುರ್ ಭಾಷೆಗೆ ಅನುವಾದವಾಯಿತು. ಅದರ ಕೊನೆಯ ಟಿಪ್ಪಣಿಯಲ್ಲಿದ್ದ ಮೂಲಭಾಷೆಯ ಹೆಸರಿನಿಂದಲೇ ‘ತೊಖಾರಿಯನ್’ ಎಂಬ ಇಂದಿನ ಹೆಸರು ಬಂದಿತು. ನಮ್ಮ ಹಲ್ಮಿಡಿ ಶಾಸನದ ಕಾಲಕ್ಕೆ ಹೆಚ್ಚುಕಡಿಮೆ ಸಮಕಾಲೀನವಾಗಿ ಬರಹಕ್ಕಿಳಿದ ಭಾಷೆಯಿದು. ಲಿಪಿಯಿತ್ತು, ಗ್ರಂಥಗಳಿದ್ದವು, ಆದರೂ ಉಳಿಯಲಿಲ್ಲ.

ಇನ್ನು ಈ ಕಣಿವೆಗೆ ಬರೋಣ. ಡಬ್ಲಿನ್ ಎಂಬುದು ಐರಿಷ್ ವಲಸಿಗರು ತಂದ ಹೆಸರು. ಅವರಿಗಿಂತ ಬಹಳ ಹಿಂದಿನಿಂದ ಇಲ್ಲಿದ್ದವರು ಓಲೋನಿ ಜನ. ಈ ಕಣಿವೆಯ ಕುಲಗಳಲ್ಲಿ ಸೆಯುನೆನ್, ಪೆಲ್ನೆನ್ ಎಂಬವು ಸೇರಿದ್ದವು. 1797ರಲ್ಲಿ ಇಂದಿನ ಫ್ರೀಮಾಂಟ್‌ನಲ್ಲಿ ಸ್ಪೇನಿನವರು ಮಿಷನ್ ಸ್ಯಾನ್ ಹೊಸೆಯನ್ನು ಸ್ಥಾಪಿಸಿದರು. ಮುಂದಿನ ಕೆಲವೇ ವರ್ಷಗಳಲ್ಲಿ ಈ ಕಣಿವೆಯ ಊರುಗಳು ಬರಿದಾದವು. 1806ರಲ್ಲಿ ದಡಾರ ರೋಗವು ಕೊಲ್ಲಿ ಪ್ರದೇಶದ ಮಿಷನ್ನುಗಳಲ್ಲಿ ಅಪಾರ ಜೀವಹಾನಿ ಮಾಡಿತು. 1850ರ ಕ್ಯಾಲಿಫೋರ್ನಿಯ ಕಾನೂನು, ಮೂಲನಿವಾಸಿಗಳನ್ನೂ ಅವರ ಮಕ್ಕಳನ್ನೂ ಒಡೆಯರ ದುಡಿಮೆಗೆ ಕಟ್ಟಿಹಾಕಲು ದಾರಿ ಮಾಡಿತು. ಬದುಕುಳಿದವರು ಪ್ಲೆಸೆಂಟನ್ ಬಳಿಯ ಅಲಿಸಾಲ್ ಮೊದಲಾದ ಕಡೆ ಸ್ಪ್ಯಾನಿಷ್ ಮಾತನಾಡುತ್ತ ಬಾಳಿದರು.

1925ರಲ್ಲಿ ಬರ್ಕ್ಲಿಯ ಪ್ರಸಿದ್ಧ ಮಾನವಶಾಸ್ತ್ರಜ್ಞ ಕ್ರೋಬರ್ ತಮ್ಮ ಬೃಹದ್ಗ್ರಂಥದಲ್ಲಿ, ವ್ಯವಹಾರದೃಷ್ಟಿಯಿಂದ ಈ ಜನ ಅಳಿದರೆಂದೇ ಬರೆದುಬಿಟ್ಟರು. ವಿಚಿತ್ರವೆಂದರೆ, ಅದೇ ದಶಕದಲ್ಲಿ ಹ್ಯಾರಿಂಗ್ಟನ್ ಎಂಬ ಭಾಷಾಶಾಸ್ತ್ರಜ್ಞರು ಇದೇ ಸೀಮೆಯ ಆಂಜೆಲಾ ಕೋಲೋಸ್, ಹೊಸೆ ಗುಸ್ಮಾನ್ ಎಂಬ ಹಿರಿಯರಿಂದ ಅವರ ಚೊಚೆನ್ಯೊ ಭಾಷೆಯನ್ನು ಬರೆದುಕೊಳ್ಳುತ್ತಿದ್ದರು! ಗುಸ್ಮಾನ್ 1934ರಲ್ಲಿ ತೀರಿಕೊಂಡರು. ಭಾಷೆಯ ದನಿ ಅಡಗಿತು, ವಂಶ ಅಡಗಲಿಲ್ಲ.

2022ರಲ್ಲಿ ಪ್ರಕಟವಾದ ಒಂದು ಅಧ್ಯಯನವು, ಸುನೋಲ್ ಸಮೀಪದ ಎರಡು ನೆಲೆಗಳ 12 ಪ್ರಾಚೀನ ವ್ಯಕ್ತಿಗಳ ವಂಶವಾಹಿಗಳನ್ನು ಇಂದಿನ 8 ಮಂದಿ ಮುವೆಕ್ಮಾ ಓಲೋನಿ ಜನರವುಗಳೊಡನೆ ಹೋಲಿಸಿ, ಸುಮಾರು ಎರಡು ಸಾವಿರ ವರ್ಷಗಳ ಸಂಬಂಧವನ್ನು ಗುರುತಿಸಿತು. ಆದರೂ 2002ರಲ್ಲಿ ಒಕ್ಕೂಟ ಸರ್ಕಾರವು ಈ ಜನರ ಮಾನ್ಯತೆಯ ಕೋರಿಕೆಯನ್ನು ತಿರಸ್ಕರಿಸಿತ್ತು. ಕಾಗದದಲ್ಲಿ ಅಳಿದವರು ಕಾಗದದಲ್ಲಿ ಮರಳಿ ಹುಟ್ಟುವುದು ಸುಲಭವಲ್ಲ.

ಈ ಎರಡು ಕಥೆಗಳನ್ನು ಒಟ್ಟಿಗಿಟ್ಟು ನೋಡಿ. ತೊಖಾರಿಯನ್ನರ ಗ್ರಂಥಗಳು ಉಳಿದವು. ‘ಇದು ನಮ್ಮದು’ ಎನ್ನುವವರು ಉಳಿಯಲಿಲ್ಲ. ಓಲೋನಿಯರಿಗೆ ಗ್ರಂಥಗಳಿರಲಿಲ್ಲ, ಹಾಗೆನ್ನುವವರು ಉಳಿದರು. ಆದುದರಿಂದಲೇ ಅವರು 21ನೆಯ ಶತಮಾನದ ಆರಂಭದಲ್ಲಿ ಹ್ಯಾರಿಂಗ್ಟನ್ನರ ಟಿಪ್ಪಣಿಗಳಿಂದ ತಮ್ಮ ಭಾಷೆಯನ್ನು ಪುನಃ ಕಲಿಯಲು ತೊಡಗಿದರು. ಬರಹವು ಬೀಜವನ್ನು ಕಾಪಾಡಬಲ್ಲದು. ಮೊಳಕೆಯೊಡೆಯಲು ಮನೆಯ ಮಣ್ಣೇ ಬೇಕು.

ನಮ್ಮ ನುಡಿಗೆ ಸಾವಿರದೈನೂರು ವರ್ಷಗಳ ಬರಹದ ಇತಿಹಾಸವಿದೆಯೆಂಬ ಹೆಮ್ಮೆ ಸರಿಯೇ. ಕರ್ನಾಟಕದಲ್ಲಿ ಕೋಟ್ಯಂತರ ಜನ ಅದನ್ನು ಆಡುತ್ತಿರುವಾಗ ಕನ್ನಡ ಅಳಿದೀತೆಂಬ ಭಯವೂ ಬೇಡ. ಆದರೆ ಈ ಊರಿನ ನಮ್ಮ ಮನೆಗಳ ಕನ್ನಡದ ಮಾತೇ ಬೇರೆ. ಕುಚದಲ್ಲಿ ಯಾರ ಬಲಾತ್ಕಾರವೂ ಇಲ್ಲದೆ, ಮಕ್ಕಳು ಪೇಟೆಯ ಮಾತಿನಲ್ಲಿ ಉತ್ತರಿಸಿದಾಗ ‘ಇರಲಿ ಬಿಡು’ ಎಂದು ಸುಮ್ಮನಾದ ತಾಯ್ತಂದೆಯರು ಎಷ್ಟು ಮಂದಿ ಇದ್ದಿರಬೇಕು! ನಮ್ಮ ಮಕ್ಕಳಿಗೆ ನಾವು ಕನ್ನಡವನ್ನು ಆಡಿ ಕಲಿಸೋಣ. ಜೊತೆಗೆ ಈ ನೆಲದ ಮೊದಲಿಗರ ಹೆಸರನ್ನೂ ಹೇಳಿಕೊಡೋಣ. ಆ ಜನ ಅಳಿದಿಲ್ಲ. ನಮ್ಮ ನೆರೆಹೊರೆಯಲ್ಲೇ ಇದ್ದಾರೆ.