ಘಟ್ಟದ ಅಂಚು, ಜಡ್ಡಿಯ ನೀರು



ಕರಾವಳಿಯಿಂದ ನೋಡಿದವರಿಗೆ ಸಹ್ಯಾದ್ರಿ ಎದುರಿಗೆ ನಿಂತ ಗೋಡೆ. ತೀರ್ಥಹಳ್ಳಿ ಕಡೆಯಿಂದ ಹೊರಟವರು ಆಗುಂಬೆ ದಾಟುತ್ತಲೇ ನೆಲ ಒಮ್ಮೆಲೇ ಕೆಳಗಿಳಿಯುತ್ತದೆ. ಹಿಮಾಲಯದ ಹಾಗೆ ಭೂಖಂಡಗಳು ಡಿಕ್ಕಿ ಹೊಡೆದು, ಮಡಿಕೆ ಬಿದ್ದು ಎದ್ದ ಪರ್ವತ ಇದಲ್ಲ. ಪ್ರಸ್ಥಭೂಮಿಯ ಒಡೆದ ಅಂಚು. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್, ಸುಮಾರು 6.5 ಕೋಟಿ ವರ್ಷಗಳ ಹಿಂದೆ ಸೆಶೆಲ್ಸ್ ನಮ್ಮ ನೆಲದಿಂದ ಬೇರೆಯಾದವು. ಹಾಗೆ ಒಡೆದಾಗ ಮೇಲೆದ್ದ ಬದಿಯನ್ನು ಪಶ್ಚಿಮದ ಹೊಳೆಗಳು ಇಂದಿಗೂ ಕೊರೆಯುತ್ತಿವೆ. ತಾಪಿಯಿಂದ ಕನ್ಯಾಕುಮಾರಿಯವರೆಗೆ ಅದರ ಉದ್ದ ಸುಮಾರು 1,600 ಕಿಲೊಮೀಟರ್.

ಅಂಚು ಎಂದು ಒಪ್ಪಿಕೊಂಡರೆ ತುಂಗೆಯ ದಾರಿ ಅರ್ಥವಾಗುತ್ತದೆ. ಅದು ಹುಟ್ಟುವ ಗಂಗಾಮೂಲದಿಂದ ಅರಬ್ಬಿ ಸಮುದ್ರ ನೇರ ಗೆರೆಯಲ್ಲಿ ಐವತ್ತು ಕಿಲೊಮೀಟರ್ ಆಸುಪಾಸಿನಲ್ಲಿದೆ. ಆದರೂ ತುಂಗೆ ಅದಕ್ಕೆ ಬೆನ್ನು ಹಾಕಿ, ಕೂಡ್ಲಿಯಲ್ಲಿ ಭದ್ರೆಯನ್ನು ಸೇರಿ, ಮುಂದೆ ಕೃಷ್ಣೆಯಲ್ಲಿ ಒಂದಾಗಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪ್ರಸ್ಥಭೂಮಿಯ ಇಳಿಜಾರು ಆ ಕಡೆಗಿದೆ. ಮುಂಗಾರಿನ ಮೋಡ ಈ ಅಂಚನ್ನು ಏರುವಾಗ ತಣಿದು ಸುರಿಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು. ಪೂರ್ವಕ್ಕೆ ಸರಿದಂತೆ ಮಳೆ ಬೇಗ ಬೇಗ ಕಡಿಮೆಯಾಗಿ ಬಯಲುಸೀಮೆ ಶುರುವಾಗುತ್ತದೆ.

ಸೆಶೆಲ್ಸ್‌ನ ಆ ಹಳೆಯ ಅಗಲಿಕೆಗೆ ಜೀವಂತ ಸಾಕ್ಷಿಯೂ ಇದೆ. ಕೇರಳದ ಇಡುಕ್ಕಿಯ ನೇರಳೆ ಕಪ್ಪೆಯನ್ನು ಎಸ್.ಡಿ. ಬಿಜು ಮತ್ತು ಫ್ರಾಂಕಿ ಬೋಸೈಟ್ 2003ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದರು. ಮಣ್ಣಿನೊಳಗೆ ಗೆದ್ದಲು ತಿಂದು ಬದುಕುವ ಇದು ಮುಂಗಾರು ಮಳೆಗೆ ಕೆಲವೇ ದಿನ ಹೊರಬಂದು ಮೊಟ್ಟೆಯಿಡುತ್ತದೆ. ಇದರ ಹತ್ತಿರದ ಬಂಧುಗಳಿರುವುದು ಸೆಶೆಲ್ಸ್ ದ್ವೀಪಗಳಲ್ಲಿ!

ಆದರೆ ಇವತ್ತು ನಾನು ಮುಖ್ಯವಾಗಿ ಮಾತಾಡಬೇಕೆಂದು ಬಂದದ್ದು ಉತ್ತರ ಕನ್ನಡದ ರಾಮಪತ್ರೆ ಜಡ್ಡಿಗಳ, ಅಂದರೆ ರಾಮಪತ್ರೆ ಮರಗಳು ಬೆಳೆಯುವ ಜೌಗು ಕಾಡುಗಳ ಬಗ್ಗೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿಗೆ ಹೋಗಿ ನೋಡಿ. ಹಳ್ಳದ ಬದಿಯಲ್ಲಿ ಕಡುಬೇಸಿಗೆಯಲ್ಲೂ ಕೆಸರು. ಆ ಕೆಸರಿನಲ್ಲಿ ಗಾಳಿ ಸಾಲದು. ಹಾಗಾಗಿ ಮರದ ಬೇರುಗಳು ಮೇಲಕ್ಕೆದ್ದು, ಮಡಿಸಿದ ಮೊಣಕಾಲಿನಂತೆ ಬಾಗಿ, ಮತ್ತೆ ಮಣ್ಣಿಗಿಳಿಯುತ್ತವೆ. ಬೀಜವನ್ನು ಸುತ್ತಿದ ಕೆಂಪು ಪತ್ರೆಯ ಆಸೆಗೆ ಬರುವ ಮಂಗಟ್ಟೆ ಹಕ್ಕಿ ಬೀಜವನ್ನು ದೂರಕ್ಕೆ ಒಯ್ಯುತ್ತದೆ. ನಮ್ಮ ಸಿಂಗಳೀಕಗಳಿಗೂ ಈ ಕಾಡೇ ಆಸರೆ. ಗೇರಿನ ಬಳಗದ ಒಂದು ಮರ ಹೊಸ ಪ್ರಭೇದವೆಂದು 2000ರಲ್ಲಿ ದಾಖಲಾದದ್ದು ಇಲ್ಲಿಂದಲೇ. ಕತ್ತಲೆಕಾನಿನ ಹೆಸರನ್ನೇ ಅದಕ್ಕಿಟ್ಟರು. ಒಂದು ಮರವೇ ಇಷ್ಟು ತಡವಾಗಿ ಪತ್ತೆಯಾಯಿತೆಂದರೆ, ನಾವು ಕಣ್ಣಿಟ್ಟು ನೋಡದ ಕಾನು ಇನ್ನೆಷ್ಟಿರಬಹುದು!

ಒಂದು ಕಾಲಕ್ಕೆ ಕಣಿವೆ ಕಣಿವೆಗಳಲ್ಲಿ ಹಬ್ಬಿದ್ದ ಜಡ್ಡಿಗಳು ಈಗ ಚೂರುಚೂರಾಗಿ ಉಳಿದಿವೆ. ನೀರಿರುವ ಸಪಾಟು ನೆಲ ಗದ್ದೆಗೂ ಅಡಿಕೆ ತೋಟಕ್ಕೂ ಹೇಳಿಮಾಡಿಸಿದ ಜಾಗ. ರೈತರನ್ನು ದೂರಲು ನನಗೆ ಮನಸ್ಸಿಲ್ಲ. ಆದರೆ ಕಾಲುವೆ ತೋಡಿ ನೀರು ಬಸಿದ ಮೇಲೆ ಜಡ್ಡಿ ಮತ್ತೆ ಕೂಡಿಕೊಳ್ಳುವುದು ಕಷ್ಟ. ಈ ಮರಗಳ ಬೀಜವನ್ನು ಒಣಗಿಸಿ ಇಡುವಂತಿಲ್ಲ. ತೇವ ಆರಿದರೆ ಅದು ಮೊಳೆಯುವುದಿಲ್ಲ. ಬೇಸಿಗೆಯಲ್ಲಿ ಕೆಳಗಿನ ತೋಟಗಳಿಗೆ ಹಳ್ಳ ಹರಿಯುತ್ತಿದ್ದದ್ದು ಕೂಡ ಮೇಲೆ ಆ ಕೆಸರು ಹಿಡಿದಿಟ್ಟ ನೀರಿನಿಂದಲೇ.