ಶುಶ್ರೂಷೆಯೂ ಒಂದು ವಿದ್ಯೆ



ವೃದ್ಧರ ಸೇವೆಯು ಪುಣ್ಯಕಾರ್ಯವೆಂಬುದನ್ನು ಈ ಸಭೆಗೆ ಬೋಧಿಸಬೇಕಾದುದಿಲ್ಲ. ಆದರೆ ಅದು ಕಲಿಯತಕ್ಕ ವಿದ್ಯೆಯೂ ಹೌದೆಂಬುದು ಎಷ್ಟೋ ಮಂದಿಯ ಮನಸ್ಸಿಗೆ ಬಂದಂತಿಲ್ಲ. ಪ್ರೀತಿಯೊಂದಿದ್ದರೆ ಕೈ ತಾನಾಗಿಯೇ ನಡೆಯುವುದೆಂದು ಲೋಕವು ನಂಬಿಕೊಂಡಿದೆ. ಈ ನಂಬಿಕೆಯ ದೆಸೆಯಿಂದ ಹಾಸಿಗೆ ಹಿಡಿದ ಹಿರಿಯರು ಪಡುವ ಕಷ್ಟವು ಅಲ್ಪವಾದುದಲ್ಲ.

ಪೂರ್ವಿಕರು ಹೀಗೆ ಎಣಿಸಿದವರಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿ, ಪರಿಚಾರಕನಿಗೆ ಉಪಚಾರಜ್ಞಾನ, ದಕ್ಷತೆ, ಅನುರಾಗ, ಶೌಚ ಎಂಬ ನಾಲ್ಕು ಗುಣಗಳನ್ನು ವಿಧಿಸಿದೆ. ಅನುರಾಗವು ಮೂರನೆಯದು; ಉಪಚಾರವನ್ನು ಬಲ್ಲತನವೇ ಮೊದಲನೆಯದು. ಇನ್ನು ಶುಶ್ರೂಷೆಯೆಂಬ ಶಬ್ದವನ್ನೇ ವಿಚಾರಿಸಿದರೆ, 'ಶ್ರು' ಧಾತುವಿನಿಂದ ಹುಟ್ಟಿದ ಅದಕ್ಕೆ 'ಕೇಳಬೇಕೆಂಬ ಇಚ್ಛೆ' ಎಂಬುದು ಮೂಲಾರ್ಥವು. ಗುರುವಿನ ಮಾತನ್ನು ಕೇಳಲಿಚ್ಛಿಸುವವನು ಶಿಷ್ಯನು. ರೋಗಿಯ ನರಳಿಕೆಯನ್ನು ಕೇಳಲಿಚ್ಛಿಸುವವನು ಪರಿಚಾರಕನು. ಎರಡಕ್ಕೂ ಒಂದೇ ಶಬ್ದವಿರುವುದರಿಂದ, ಕಲಿಯಲೊಲ್ಲದವನು ಸೇವಿಸಲಾರನೆಂದೇ ತಿಳಿಯತಕ್ಕುದು. ಫ್ಲಾರೆನ್ಸ್ ನೈಟಿಂಗೇಲಳು 1859ರಲ್ಲಿ ಬರೆದ ಶುಶ್ರೂಷಾಗ್ರಂಥವಾದರೂ ವೃತ್ತಿಯ ದಾದಿಯರಿಗಾಗಿ ಬರೆದುದಲ್ಲ. ಮನೆಯಲ್ಲಿ ಪರರ ಆರೋಗ್ಯದ ಹೊಣೆ ಹೊತ್ತ ಸಾಮಾನ್ಯ ಸ್ತ್ರೀಯರಿಗಾಗಿ ರಚಿತವಾದುದು.

ಈ ವಿಚಾರವು ಇಂದು ಬೆಂಗಳೂರಿನ ಹೊರವಲಯದಲ್ಲಿರುವಷ್ಟು ತೀವ್ರವಾಗಿ ಬೇರೆಡೆ ಇರಲಾರದು. 2011ರ ಜನಗಣತಿಯ ಮೇರೆಗೆ ಕರ್ನಾಟಕದಲ್ಲಿ ಅರವತ್ತು ದಾಟಿದವರು ನೂರಕ್ಕೆ ಒಂಬತ್ತಕ್ಕಿಂತಲೂ ಹೆಚ್ಚು. ಪೀಣ್ಯದ ಕಾರ್ಖಾನೆಗಳಿಗೂ, ಎಲೆಕ್ಟ್ರಾನಿಕ್ ಸಿಟಿ ಮತ್ತು ವೈಟ್‌ಫೀಲ್ಡಿನ ಗಣಕೋದ್ಯಮಗಳಿಗೂ ನಾಡಿನ ನಾನಾ ಜಿಲ್ಲೆಗಳಿಂದ ಬಂದು ನೆಲೆಸಿದ ಮಕ್ಕಳು ತಮ್ಮ ತಂದೆತಾಯಿಗಳನ್ನೂ ಕರೆತಂದಿರುವರು. ಗಂಡಹೆಂಡಿರಿಬ್ಬರೂ ಬೆಳಗ್ಗೆ ಹೊರಟರೆ ಮನೆ ಸೇರುವುದು ಇರುಳಿಗೆ. ಹಳ್ಳಿಯ ಜಗಲಿಯಲ್ಲಿ ನೆರೆಹೊರೆಯವರೊಡನೆ ಕುಳಿತಿದ್ದ ಹಿರಿಯರು ಹತ್ತನೆಯ ಅಂತಸ್ತಿನ ಕೋಣೆಯಲ್ಲಿ ತಿಂಗಳ ಸಂಬಳದ ಆರೈಕೆಯವರ ಕೈಯಲ್ಲಿರುವರು. ಆರೈಕೆಯವರೂ ಹೊಟ್ಟೆಪಾಡಿಗಾಗಿ ದೂರದಿಂದ ಬಂದವರೇ. ಎಷ್ಟೋ ಮನೆಗಳಲ್ಲಿ ಇಬ್ಬರ ಭಾಷೆಯೂ ಬೇರೆ. ಕೇಳಬೇಕೆಂಬ ಇಚ್ಛೆಯಿದ್ದರೂ ಕೇಳಿದ್ದು ತಿಳಿಯದಿದ್ದರೆ ಶುಶ್ರೂಷೆಯು ನಡೆಯುವುದೆಂತು?

ಕಲಿಯತಕ್ಕುದು ಏನೆಂದರೆ, ಹೇಳುವೆಡೆ ಸುಲಭವಾಗಿಯೂ ಮರೆತೆಡೆ ಪ್ರಾಣಕ್ಕೆ ಎರವಾಗಿಯೂ ಇರುವ ಕೆಲವು ಸಂಗತಿಗಳು. ತಾನಾಗಿ ಹೊರಳಲಾರದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಬೆನ್ನಿನ ಕೆಳಭಾಗ, ಸೊಂಟ, ಹಿಮ್ಮಡಿಗಳಲ್ಲಿ ಒತ್ತಿದರೂ ಮಾಸದ ಕೆಂಪು ಕಂಡರೆ ಅದು ಹಾಸಿಗೆಹುಣ್ಣಿನ ಮೊದಲ ಗುರುತು. ಆ ಸ್ಥಳವನ್ನು ಉಜ್ಜಬಾರದು, ಅದರ ಮೇಲೆ ಭಾರವನ್ನೂ ಬಿಡಬಾರದು. ಮಲಗಿದವರ ಬಾಯಿಗೆ ಗಂಜಿ ಹೊಯ್ಯುವುದು ಅಪಾಯಕರ. ನೆಟ್ಟಗೆ ಕೂರಿಸಿ ಸಣ್ಣ ಸಣ್ಣ ತುತ್ತನ್ನಿಟ್ಟು, ಉಂಡ ಮೇಲೆ ಅರ್ಧ ಗಂಟೆಯಾದರೂ ಹಾಗೆಯೇ ಕೂರಿಸಿರಬೇಕು. ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ಬೆಳಕಿರಬೇಕು, ನೆಲವು ಒಣಗಿರಬೇಕು. ಸೇವಿಸುವ ಔಷಧಗಳೆಲ್ಲವನ್ನೂ, ನಾಟಿಮದ್ದನ್ನು ಕೂಡ, ಒಂದೇ ಕಾಗದದಲ್ಲಿ ಬರೆದು ವೈದ್ಯರಿಗೆ ತೋರಿಸಬೇಕು.

ಇವೆಲ್ಲಕ್ಕಿಂತ ಹೆಚ್ಚಾಗಿ ಒಂದು ಸಂಗತಿಯನ್ನು ಮನಸ್ಸಿನಲ್ಲಿಡತಕ್ಕುದು. ನಿನ್ನೆಯವರೆಗೆ ಸ್ವಸ್ಥಚಿತ್ತರಾಗಿದ್ದ ಹಿರಿಯರು ಇಂದು ಒಮ್ಮೆಗೇ ಅಸಂಬದ್ಧವಾಗಿ ಮಾತನಾಡಿದರೆ, ಅಥವಾ ಎಚ್ಚರವಿಲ್ಲದಂತೆ ಮಂಕಾದರೆ, ಅದನ್ನು ಅರವತ್ತರ ಅರಳುಮರಳೆಂದು ತಳ್ಳಿಹಾಕುವುದು ಮಹಾಪ್ರಮಾದವು. ಮೂತ್ರದ ಸೋಂಕು, ಶ್ವಾಸಕೋಶದ ಜ್ವರ, ನೀರಿನ ಕೊರತೆ, ಮಲಬದ್ಧತೆ, ಹೊಸ ಔಷಧದ ದೋಷ ಇವುಗಳಲ್ಲಿ ಯಾವುದಾದರೂ ಕಾರಣವಾಗಿರಬಹುದು; ಅಂದೇ ವೈದ್ಯರನ್ನು ಕಾಣಬೇಕು. ತಿಂಗಳು ವರ್ಷಗಳ ಕಾಲ ಮೆಲ್ಲನೆ ಬೆಳೆಯುವ ಮರೆವಿನ ಕಾಯಿಲೆಯ ದಾರಿಯೇ ಬೇರೆ. ಈ ಭೇದವನ್ನು ಮೊದಲು ಕಾಣಬಲ್ಲವರು ಹಗಲಿರುಳೂ ಹತ್ತಿರವಿರುವವರು. ವೈದ್ಯರಿಗೆ ಕೇಳಿಸುವುದಕ್ಕೆ ಮುಂಚೆ ಅವರಿಗೆ ಕೇಳಿಸಬೇಕು.

ಹೀಗೆ ನೋಡುವ ಕ್ರಮವನ್ನು ಕಲಿಸುವ ಸಾಧನಗಳು ಇಲ್ಲದಿಲ್ಲ. ಅಮೆರಿಕದ ಕಾಟ್ಜ್ ಎಂಬ ವೈದ್ಯರೂ ಅವರ ಸಂಗಡಿಗರೂ 1963ರಲ್ಲಿ ಸ್ನಾನ, ಉಡುಗೆ, ಶೌಚ, ಹಾಸಿಗೆಯಿಂದ ಏಳುವುದು, ಮಲಮೂತ್ರಗಳ ಹಿಡಿತ, ಊಟ ಎಂಬ ಆರರಿಂದ ವೃದ್ಧರ ಶಕ್ತಿಯನ್ನು ಅಳೆಯುವ ಕ್ರಮವನ್ನು ಪ್ರಕಟಿಸಿದರು. ಅಕ್ಷರಜ್ಞಾನವುಳ್ಳವರು ಯಾರೂ ಇದನ್ನು ಒಂದು ಹಾಳೆಯಲ್ಲಿ ಬರೆದಿಡಬಹುದು. ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವ ಮನೆಯವರಿಗಾಗಿ ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಕೈಪಿಡಿಯೊಂದನ್ನು ಹೊರಡಿಸಿತು. ಬೆಂಗಳೂರಿನಲ್ಲಿಯೇ 1998ರಲ್ಲಿ ಸ್ಥಾಪಿತವಾದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಸಂಸ್ಥೆಯು 2002ರಲ್ಲಿ ನಗರ ಪೊಲೀಸರೊಡನೆ ಕೂಡಿ 1090 ಎಂಬ ಹಿರಿಯರ ಸಹಾಯವಾಣಿಯನ್ನು ಆರಂಭಿಸಿತು. 2010ರಲ್ಲಿ ಕಸ್ತೂರಿನಗರದಲ್ಲಿ ಮರೆವಿನ ಕಾಯಿಲೆಯವರಿಗಾಗಿ ಕೇಂದ್ರವನ್ನೂ ತೆರೆಯಿತು. ದೇಶಕ್ಕೆಲ್ಲ ಸಲ್ಲುವ 14567 ಎಂಬ ಹಿರಿಯರ ಸಹಾಯವಾಣಿಯೂ ಉಂಟು.

ಆದರೂ ಗ್ರಂಥಗಳ ಬಹುಭಾಗವು ಇಂಗ್ಲಿಷಿನಲ್ಲಿರುವುದರಿಂದ ಹಾಸಿಗೆಯ ಪಕ್ಕದ ಕೈಗೆ ಅವು ಎಟುಕವು. ಕನ್ನಡವನ್ನು ಬಲ್ಲವರಿಗೆ ತಿಳಿಗನ್ನಡದಲ್ಲಿ, ಓದಲಾರದವರಿಗೆ ಚಿತ್ರಗಳಲ್ಲಿ, ಅನ್ಯಭಾಷೆಯವರಿಗೆ ನಿತ್ಯದ ಕನ್ನಡ ಮಾತುಗಳೊಡನೆ ಅವರವರ ನುಡಿಯಲ್ಲಿ ಅವು ದೊರೆಯಬೇಕು. ನೋವು, ಬಾಯಾರಿಕೆ, ತಲೆಸುತ್ತು ಎಂಬ ಇಪ್ಪತ್ತು ಮಾತುಗಳನ್ನಾದರೂ ಆರೈಕೆಯವರು ಕಲಿತರೆ ಆ ಕೋಣೆಯ ಮೌನವು ಒಡೆಯುವುದು. ಆದರೆ ಪುಸ್ತಕವೊಂದೇ ಸಾಲದು. ಮಂತ್ರವನ್ನು ಗುರುಮುಖದಿಂದ ಕಲಿಯುವಂತೆ, ಹೊರಳಿಸುವುದನ್ನೂ ಎಬ್ಬಿಸುವುದನ್ನೂ ನುರಿತ ದಾದಿಯ ಕೈ ನೋಡಿಯೇ ಕಲಿಯಬೇಕು.

ಆದಕಾರಣ ಭಕ್ತರು ತಮ್ಮ ತಮ್ಮ ಬಡಾವಣೆಗಳಲ್ಲಿ ತಿಂಗಳಿಗೊಮ್ಮೆ, ಒಂದು ಮಂಚವನ್ನೂ ಒಬ್ಬ ದಾದಿಯನ್ನೂ ಒದಗಿಸಿ ಇಂಥ ಪಾಠವನ್ನು ನಡೆಸುವುದು ಯುಕ್ತವು. ಆ ಪಾಠಕ್ಕೆ ಸಂಬಳದವರೊಡನೆ ಮನೆಯ ಸೊಸೆಯೂ, ಮಗಳೂ, ಮುಖ್ಯವಾಗಿ ಮಗನೂ ಕುಳಿತುಕೊಳ್ಳಲಿ. ಇರುಳೆಲ್ಲ ಎಚ್ಚರವಿದ್ದವರಿಗೆ ಹಗಲು ನಿದ್ರೆಯ ಬಿಡುವನ್ನೂ ಕೊಡಲಿ. ದಣಿದ ಕೈ ಒರಟಾಗುವುದು ಸ್ವಭಾವಧರ್ಮವು. ಹಸಿದವರಿಗೆ ಅನ್ನವನ್ನಿಕ್ಕುವ ದಾಸೋಹವು ಮಠದಲ್ಲಿ ನಡೆದುಬಂದಿದೆ. ಉಣಲಾರದವರಿಗೆ ಉಣಿಸುವುದನ್ನು ಕಲಿಸುವುದೂ ಅದರ ಒಂದು ಅಂಗವೇ ಸರಿ. ಸರ್ವರಿಗೂ ಶ್ರೇಯಸ್ಸಾಗಲಿ.