ಡೊಂಬಿವಲಿ ಟೆರೇಸಿಗೆ ಬಂದ ಕಡಲ ಹಕ್ಕಿ

ಇವತ್ತು ಕೋಡ್ ಬಗ್ಗೆ ಮಾತಿಲ್ಲ. ನಾನು ಮಾಡಿದ ಒಂದು ತಪ್ಪಿನ ಬಗ್ಗೆ ಹೇಳ್ತೀನಿ.

ನಾನಿರೋದು ಡೊಂಬಿವಲಿ, ಆಫೀಸು ಐರೋಲಿ. ಒಂದು ಜುಲೈನಲ್ಲಿ ಎರಡು ದಿನ ಬಿಡದೆ ಗಾಳಿಮಳೆ. ಬೆಳಿಗ್ಗೆ ಟೆರೇಸಿಗೆ ಹೋದರೆ ಟ್ಯಾಂಕ್ ಪಕ್ಕ ಒಂದು ಹಕ್ಕಿ ಮುದುರಿ ಕೂತಿತ್ತು. ಕಪ್ಪು ಬೆನ್ನು, ಬಿಳಿ ಹೊಟ್ಟೆ, ವಿಭೂತಿ ಬಳಿದಂಥ ಬಿಳಿ ಹಣೆ, ಚೂಪು ಕೊಕ್ಕು, ಕವಲೊಡೆದ ಬಾಲ. ಸುತ್ತ ಕಾಗೆಗಳು. "ಪಾಪ ಕಣ್ರೀ, ಏನಾದ್ರೂ ಮಾಡಿ" ಅಂದಳು ಹೆಂಡತಿ. ಕಾಲ್ಬೆರಳ ನಡುವೆ ಪೊರೆ ಕಂಡಿತು. ನೀರುಹಕ್ಕಿ ತಾನೇ ಅಂತ ಟಬ್ಬಿಗೆ ನೀರು ತುಂಬಿ ಬಿಟ್ಟೆ. ಅದು ಈಜಲಿಲ್ಲ. ಗರಿ ನೆನೆದು ಒಂದು ಪಕ್ಕಕ್ಕೆ ವಾಲಿತು. ಗಾಬರಿಯಿಂದ ಎತ್ತಿ ಒರೆಸಿದೆ. ರಾತ್ರಿ ಸತ್ತುಹೋಯಿತು.

ಫೋಟೋ ಇಟ್ಟುಕೊಂಡು ಹುಡುಕಿದಾಗ ಗೊತ್ತಾಯ್ತು, ಅದು ಸೂಟಿ ಟರ್ನ್. ಟರ್ನ್‌ಗಳಿಗೆ ಕನ್ನಡದಲ್ಲಿ ರೀವ ಅಂತಾರೆ. ತೂಕ ಸುಮಾರು 200 ಗ್ರಾಂ, ರೆಕ್ಕೆ ಬಿಚ್ಚಿದರೆ ಹತ್ತಿರ ಹತ್ತಿರ ಮೂರು ಅಡಿ. ಸಮುದ್ರದ ಹಕ್ಕಿಯಾದರೂ ಇದರ ಗರಿ ನೀರು ತಡೆಯೋದಿಲ್ಲ. ಅದಕ್ಕೇ ಇದು ನೀರಿನ ಮೇಲೆ ಕೂರೋದೇ ಅಪರೂಪ. ಕೆಳಗಿನಿಂದ ದೊಡ್ಡ ಟ್ಯೂನಾಗಳು ಅಟ್ಟಿಸಿದಾಗ ಮೇಲೆ ಬರುವ ಸಣ್ಣ ಮೀನುಗಳನ್ನು ಹಾರುತ್ತಲೇ ಎತ್ತಿಕೊಳ್ಳುತ್ತೆ. ಗೂಡು ಬಿಟ್ಟ ಮರಿ ವರ್ಷಗಟ್ಟಲೆ ಆಕಾಶದಲ್ಲೇ ಇದ್ದು, ಮರಿ ಮಾಡೋಕೆ ಮಾತ್ರ ನೆಲಕ್ಕೆ ಇಳಿಯುತ್ತೆ. ಲಕ್ಷದ್ವೀಪದಲ್ಲಿ ಕವರತ್ತಿ ಹತ್ತಿರದ ಪಿಟ್ಟಿ ಅನ್ನೋ ಪುಟ್ಟ ದ್ವೀಪ ಇವುಗಳ ಒಂದು ತವರು. ಬರಿ ನೆಲದ ಮೇಲೆ ಒಂದೇ ಮೊಟ್ಟೆ.

ಮುಂಗಾರಿನ ಬಿರುಗಾಳಿ ಇಂಥವನ್ನು ಥಾಣೆ, ಕಲ್ಯಾಣದಂಥ ಒಳನಾಡಿಗೂ ತಳ್ಳಿಬಿಡುತ್ತೆ. ಹೊಟ್ಟೆಗಿಲ್ಲದೆ, ಸುಸ್ತಾಗಿ ಬೀಳುತ್ವೆ. ನನ್ನ ಟೆರೇಸಿನ ಹಕ್ಕಿ ಹೇಗೂ ಬದುಕ್ತಿರಲಿಲ್ಲವೇನೋ. ಆದರೆ ಉಳಿದ ಕಸುವನ್ನೂ ನಾನು ನೀರಿಗೆ ಹಾಕಿದೆ, ಅದು ನಿಜ. ಐರೋಲಿಯಲ್ಲಿ ರಾಜಹಂಸ ನೋಡೋಕೆ ಟಿಕೆಟ್ ತಗೊಂಡು ದೋಣಿ ಹತ್ತಿದವನಿಗೆ, ಮನೆಗೇ ಬಂದ ಹಕ್ಕಿಯ ಗುರುತು ಸಿಗಲಿಲ್ಲ.

ನೀವು ಹೀಗೆ ಮಾಡಿ. ಟವೆಲ್ ಹಾಕಿ ಮೆಲ್ಲಗೆ ಎತ್ತಿ. ಕೊಕ್ಕು ಚೂಪು, ಕಣ್ಣು ಜೋಪಾನ. ತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಒಣಬಟ್ಟೆ ಹಾಸಿ, ಕತ್ತಲಲ್ಲಿ, ಸದ್ದಿಲ್ಲದ ಕಡೆ ಇಡಿ. ಬಾಯಿಗೆ ನೀರು ಹಾಕಬೇಡಿ, ಅನ್ನ-ಬ್ರೆಡ್ ತುರುಕಬೇಡಿ. ಮಹಾರಾಷ್ಟ್ರ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಸೆಲ್ಫಿ ಆಮೇಲೆ.

ಈ ಮಳೆಗಾಲ ನಮ್ಮ ಮನೆ ಲಾಫ್ಟಿನಲ್ಲಿ ಒಂದು ಖಾಲಿ ಡಬ್ಬ ಇದೆ. ಹೆಂಡತಿ ರದ್ದಿಗೆ ಹಾಕಲು ಬಿಟ್ಟಿಲ್ಲ. ನೀವೂ ಒಂದು ಇಟ್ಕೊಳ್ಳಿ.